ರೊಕ್ಕ ಮೊದಲೇ ಕೊಟ್ಟ ಟಾಂಗಾ

ನನಗೊಂದು ಚಟವಿದೆ. ಯಾವ ಊರಿನ ಸ್ಟೇಶನ್ನಿನಲ್ಲಿ ಇಳಿದರೂ ಪೆಟ್ಟಿಗೆ, ಹಾಸಿಗೆ ಸುರುಳಿ, ನೀರಿನ ಕೂಜಾ, ಹೆಂಡತಿ ಇವಿಷ್ಟನ್ನೂ ಮೊದಲು ಒಂದು ಕಂಬದ ಹಿಂದೆ ಮರೆಮಾಡುತ್ತೇನೆ. ಆಮೇಲೆ ಬರಿಗೈಯಲ್ಲಿ ಹೊರಗೆ ಹೋಗಿ ಆಟೋರಿಕ್ಷಾದವನನ್ನು ಮಾತಾಡಿಸುತ್ತೇನೆ. ಅದೂ ತಕ್ಷಣವೇ ಅಲ್ಲ. ಬೀಡಿ ಅಂಗಡಿಯ ಮುಂದೆ ಸ್ವಲ್ಪ ನಿಲ್ಲುತ್ತೇನೆ, ಆಕಾಶ ನೋಡುತ್ತೇನೆ, ಅದೇ ಊರಿನಲ್ಲಿ ಹುಟ್ಟಿ ಅದೇ ಊರಿಗೆ ಬೇಸತ್ತವನ ಹಾಗೆ ಆಕಳಿಸುತ್ತೇನೆ. ಹೋಗದಿದ್ದರೂ ನಡೆದೀತು ಎನ್ನುವ ದನಿಯಲ್ಲಿ ಬಾಡಿಗೆ ಕೇಳುತ್ತೇನೆ. ಬಾಡಿಗೆ ಕುದುರಿದ ಮೇಲೆ ಕಂಬದ ಹಿಂದಿನ ಸಂಸಾರ ಹೊರಗೆ ಬರುತ್ತದೆ. ಆಗ ಆಟೋದವನ ಮುಖ ನೋಡುವಂತಿರುತ್ತದೆ.

ಕಳೆದ ಸಲ ಹುಬ್ಬಳ್ಳಿಯಲ್ಲಿ ನಾನು ಹೀಗೆ ಆಕಳಿಸಿ ಮರಳಿ ಬರುವಷ್ಟರಲ್ಲಿ ಕಂಬದ ಹತ್ತಿರ ಒಬ್ಬ ಪೋಲೀಸಿನವನು ನಿಂತಿದ್ದ. ಯಾರಾದರೂ ಬಿಟ್ಟು ಹೋದರೇನವ್ವಾ ಎಂದು ನನ್ನ ಹೆಂಡತಿಯನ್ನು ವಿಚಾರಿಸುತ್ತಿದ್ದ. ಅವಳು ಬಹಳ ಶಾಂತವಾಗಿ, "ಹೌದ್ರಿ, ಪ್ರತಿ ಊರಾಗೂ ಬಿಟ್ಟು ಹೋಗ್ತಾರ. ಬಾಡಿಗಿ ಕಡಿಮಿ ಆದ್ರ ಕರಕೊಂಡು ಹೋಗ್ತಾರ" ಎಂದಿದ್ದಳು.

ಈ ವಿದ್ಯೆಯನ್ನು ನಾನು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಕಲಿಯಲಿಲ್ಲ. ಅಲ್ಲಿ ಕಲಿತದ್ದು ತರ್ಕಶಾಸ್ತ್ರ. ಕಂಡದ್ದನ್ನು ಪರೀಕ್ಷಿಸು, ಕೇಳಿದ್ದನ್ನು ಎರಡು ಸಲ ಪರೀಕ್ಷಿಸು ಎಂದು ಹೇಳಿಕೊಟ್ಟರು. ಆ ಪ್ರಕಾರ ಪರೀಕ್ಷಿಸುತ್ತ ಹೋಗಿ ಈಗ ನನ್ನ ಸ್ವಂತ ನೆನಪನ್ನೂ ನಂಬಲಾರದ ಸ್ಥಿತಿಗೆ ಬಂದಿದ್ದೇನೆ. ಆದರೆ ಕಂಬದ ವಿದ್ಯೆ ಅಪ್ಪನದು, ಅದರಲ್ಲಿ ನನಗೆ ಸಂಶಯವಿಲ್ಲ.

ಅಪ್ಪ ಗದಗಿನಲ್ಲಿ ಒಂದು ಹತ್ತಿಯ ದಲಾಲಿ ಅಂಗಡಿಯಲ್ಲಿ ಬರವಣಿಗೆಯ ಕೆಲಸಕ್ಕಿದ್ದ. ನಮ್ಮ ಮನೆ ಬೆಟಗೇರಿಯಲ್ಲಿ, ನೇಕಾರರ ಓಣಿಯಲ್ಲಿ. ಟಾಂಗಾದವರು ಮೋಸ ಮಾಡಬಾರದೆಂದರೆ ಅವರ ಕಣ್ಣಿಗೆ ಊರಿನವನಂತೆ ಕಾಣಬೇಕು ಎನ್ನುವುದು ಅಪ್ಪನ ಮೂಲ ಸಿದ್ಧಾಂತ. ಅದಕ್ಕಾಗಿ ಅವನು ಎಲ್ಲಿ ಬಸ್ಸಿಳಿದರೂ ಮೊದಲು ಒಂದು ಸೂಡು ಮೆಂತ್ಯದ ಪಲ್ಲೆ ಕೊಳ್ಳುತ್ತಿದ್ದ. ಕೈಯಲ್ಲಿ ಪಲ್ಲೆ ಹಿಡಿದವನನ್ನು ಯಾವ ಟಾಂಗಾದವನೂ ಪರವೂರಿನವನೆಂದು ತಿಳಿಯುವುದಿಲ್ಲವಂತೆ. ಹುಬ್ಬಳ್ಳಿಗೆ ಹೋದರೂ ಪಲ್ಲೆ, ವಿಜಾಪುರಕ್ಕೆ ಹೋದರೂ ಪಲ್ಲೆ. ಬೀಗರ ಮನೆಗೆ ಫೇಡೆ ಒಯ್ಯುವವರನ್ನು ಕಂಡಿದ್ದೇನೆ, ಪಲ್ಲೆ ಒಯ್ಯುವವರು ನೀವೊಬ್ಬರೇ ಎಂದು ಅವ್ವ ಅನ್ನುತ್ತಿದ್ದಳು.

ಟಾಂಗಾದಲ್ಲಿ ನಮ್ಮ ಜಾಗ ಯಾವಾಗಲೂ ಹಿಂದಿನ ಸೀಟು. ಅಲ್ಲಿ ಕುಳಿತರೆ ಮುಂದೆ ಹೋಗುತ್ತಿದ್ದರೂ ಊರು ನಮ್ಮನ್ನು ಬಿಟ್ಟು ದೂರ ಹೋಗುತ್ತಿರುವಂತೆ ಕಾಣುತ್ತದೆ. ಸೀಟಿನ ಕೆಳಗೆ ತುರುಕಿದ ಹಸಿ ಹುಲ್ಲು ಕಾಲಿನ ಪಿಂಡರಿಗೆ ಚುಚ್ಚುತ್ತಿತ್ತು. ಏರು ಬಂದಾಗ ಟಾಂಗಾದವನು "ಹಿಂದ ಭಾರ ಆತು, ಮುಂದ ಸರೀರಿ" ಎಂದು ಕೂಗಿದರೆ ಅವ್ವ ನನ್ನನ್ನು ಎತ್ತಿ ಮುಂದಿನವರ ತೊಡೆಗೆ ದಾಟಿಸುತ್ತಿದ್ದಳು. ಹೀಗೆ ನಾನು ಎಷ್ಟೋ ಅಪರಿಚಿತರ ತೊಡೆಯ ಮೇಲೆ ತೂಕದ ಕಲ್ಲಾಗಿ ಕುಳಿತು ಬೆಳೆದಿದ್ದೇನೆ. ನಾವು ಹೆಚ್ಚು ಹತ್ತುತ್ತಿದ್ದದ್ದು ಇಮಾಮಸಾಬನ ಟಾಂಗಾ. ಅವನ ಕುದುರೆ ಬಿಳಿಯದು. ಇದನ್ನು ಹೇಳಿದರೆ ನಮ್ಮ ಗಿರಿಜಕ್ಕ ನಗುತ್ತಾಳೆ. ಅದು ಕೆಂದು ಕುದುರೆ, ಬಿಳೀದು ಬ್ಯಾಂಡಿನವರದು ಅನ್ನುತ್ತಾಳೆ. ಆದ್ದರಿಂದ ಮುಂದಿನ ಕತೆಯಲ್ಲಿ ಕುದುರೆ ಬಂದಾಗ ನಿಮಗೆ ಬೇಕಾದ ಬಣ್ಣ ನೀವೇ ಹಚ್ಚಿಕೊಳ್ಳಿ.

ಅಪ್ಪನ ಕೆಲಸದ ಬಗ್ಗೆ ಇನ್ನೊಂದು ಮಾತು. ಆ ಕಾಲಕ್ಕೆ ಮಾರುಕಟ್ಟೆಯಲ್ಲಿ ದರವನ್ನು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕುವ ಪದ್ಧತಿ ಬಂದಾಗಿತ್ತು. ಆದರೆ ಅಪ್ಪ ಕೆಲಸ ಕಲಿತದ್ದು ಅದಕ್ಕಿಂತ ಮೊದಲು, ದರವನ್ನು ಬಾಯಿಯಿಂದ ಆಡದ ಕಾಲದಲ್ಲಿ. ಕೊಳ್ಳುವವನು, ಕೊಡುವವನು ಇಬ್ಬರೂ ಒಂದು ಟವೆಲ್ಲಿನ ಕೆಳಗೆ ಕೈ ಹಾಕುತ್ತಿದ್ದರು. ಇಂತಿಂಥ ಬೆರಳು ಹಿಚುಕಿದರೆ ಇಂತಿಷ್ಟು. ಹರ್ತಿಯಂಥ ಹಳ್ಳಿಯಿಂದ ಹತ್ತಿ ಹೇರಿಕೊಂಡು ಬಂದ ರೈತ ಮುಖದಲ್ಲಿ ಏನೂ ತೋರಿಸದೆ ಎಲ್ಲೋ ನೋಡುತ್ತ ನಿಂತಿರುತ್ತಿದ್ದ, ಟವೆಲ್ಲಿನ ಕೆಳಗೆ ಅವನ ವರ್ಷದ ದುಡಿಮೆಯ ಬೆಲೆ ಕಟ್ಟುತ್ತಿತ್ತು. ಪದ್ಧತಿ ನಿಂತರೂ ಅಪ್ಪನ ಬೆರಳುಗಳಿಗೆ ಅದು ತಿಳಿದಿರಲಿಲ್ಲ. ಮನಸ್ಸಿಗೆ ಚಿಂತೆ ಹತ್ತಿದಾಗಲೆಲ್ಲ ತನ್ನ ಒಂದು ಕೈಯ ಬೆರಳನ್ನು ಇನ್ನೊಂದು ಕೈಯಿಂದ ಹಿಚುಕುತ್ತಿದ್ದ. ತನ್ನ ಜೊತೆ ತಾನೇ ವ್ಯಾಪಾರಕ್ಕೆ ನಿಂತಂತೆ.

ಗಿರಿಜಕ್ಕನ ಮದುವೆಯ ವರ್ಷ ಆ ಬೆರಳುಗಳಿಗೆ ಬಿಡುವೇ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕ ಗದಗಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರ್ತಿ. ದಿನಾ ಸೀಟಿನ ಲೆಕ್ಕದ ಟಾಂಗಾದಲ್ಲಿ ಹೋಗಿ ಬರುತ್ತಿದ್ದಳು. ವಯಸ್ಸು ನಮ್ಮ ಓಣಿಯ ಲೆಕ್ಕದಲ್ಲಿ ಮೀರುತ್ತಿತ್ತು. ಅದಾಗಲೇ ಎರಡು ಕಡೆಯವರು ಬಂದು ನೋಡಿ ಹೋಗಿದ್ದರು. ಎರಡೂ ಮುರಿದವು. ಎರಡಕ್ಕೂ ಟಾಂಗಾದ ಬಾಡಿಗೆಯೇ ಕಾರಣವೆಂದು ಅಪ್ಪ ಖಂಡಿತವಾಗಿ ನಂಬಿದ್ದ.

ನಮ್ಮ ಕಡೆ ಒಂದು ರೂಢಿಯಿದೆ. ಕನ್ಯೆ ನೋಡಲು ಬಂದವರ ಟಾಂಗಾದ ಬಾಡಿಗೆಯನ್ನು ಮನೆಯವರೇ ಕೊಡಬೇಕು. ಬಂದವರು ಕಿಸೆಗೆ ಕೈ ಹಾಕಬೇಕು, ಮನೆಯವರು ಆ ಕೈ ಹಿಡಿಯಬೇಕು. ಟಾಂಗಾದವರಿಗೆ ಇದು ಚೆನ್ನಾಗಿ ಗೊತ್ತು. ಬೀಗರ ಎದುರು ಯಾವ ಅಪ್ಪನೂ ಬಾಯಿ ಬಿಡುವುದಿಲ್ಲವೆಂದು ತಿಳಿದು ಬಾಗಿಲಲ್ಲಿ ಮೂರು ಪಟ್ಟು ಹೇಳುತ್ತಿದ್ದರು. ಮೊದಲನೆಯವರು ಬಂದಾಗ ಅಪ್ಪ ತಡೆಯಲಾರದೆ ಬಾಯಿ ಬಿಟ್ಟ, ಅಂಗಳದಲ್ಲೇ ಚೌಕಾಶಿ ಮಾಡಿದ. ಅವರು ತಿಂಡಿ ತಿಂದು, ತಿಳಿಸುತ್ತೇವೆ ಎಂದು ಹೋದರು. ಮಂದಿ ಕೈ ಬಿಗಿ ಎಂದರೆಂದು ಆಮೇಲೆ ಸುದ್ದಿ ಬಂತು. ಎರಡನೆಯವರು ಬಂದಾಗ ಅಪ್ಪ ಹಲ್ಲು ಕಚ್ಚಿ, ಹೇಳಿದಷ್ಟನ್ನೂ ಕೊಟ್ಟ. ಅವರೂ ತಿಳಿಸುತ್ತೇವೆ ಎಂದು ಹೋದರು, ತಿಳಿಸಿಯೂ ಬಿಟ್ಟರು. ಇಷ್ಟು ಧಾರಾಳದ ಮನೆ, ಹುಡುಗನಿಗೆ ಒಂದು ಸ್ಕೂಟರ್ ಆಗಲಿ ಎಂದರು. ಬಾಡಿಗೆಗೂ ನಕಾರಕ್ಕೂ ಸಂಬಂಧ ಕಲ್ಪಿಸಲು ಸಾಕ್ಷ್ಯ ಸಾಲದು ಎಂದು ನಾನು ಅಪ್ಪನಿಗೆ ವಿವರಿಸಲು ಹೋದೆ. "ನಿನ್ನ ತರ್ಕಾ ಧಾರವಾಡದಾಗ ಇಡು. ಆಕೀ ಮಾರಿ ನೋಡು" ಅಂದ.

ಅಕ್ಕನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಅದೇ ನಮಗೆ ಹೆದರಿಕೆ. ಮೊದಲ ಸಲ ಅವಳು ಒಳಗೆ ಹೋಗಿ ಅತ್ತಿದ್ದಳು. ಎರಡನೆಯ ಸಲ ರೇಷ್ಮೆ ಸೀರೆ ಮಡಿಸಿಟ್ಟು ನೇರವಾಗಿ ಮಕ್ಕಳ ಪೇಪರು ತಿದ್ದಲು ಕುಳಿತಿದ್ದಳು. ಮೂರನೆಯ ಸಲವೂ ಹೀಗಾದರೆ ಆ ಸೀರೆಯನ್ನು ಮತ್ತೆ ಉಡುವುದಿಲ್ಲವೆಂದು ಅವ್ವನ ಹತ್ತಿರ ಹೇಳಿದ್ದಳಂತೆ. ಅವಳು ಹೇಳಿದ್ದನ್ನು ಮಾಡುವವಳು.

ಮೂರನೆಯ ಸಂಬಂಧ ಶಿರಹಟ್ಟಿಯದು. ಹುಡುಗ ಮುಂಡರಗಿಯ ಹೈಸ್ಕೂಲಿನಲ್ಲಿ ಮಾಸ್ತರ. ತಂದೆ ಇಲ್ಲ, ತಾಯಿ ಶಿರಹಟ್ಟಿಯ ಮನೆಯಲ್ಲಿದ್ದಳು. ಎಲ್ಲ ವ್ಯವಹಾರ ನೋಡುತ್ತಿದ್ದವರು ಅವನ ಸೋದರಮಾವ, ಲಕ್ಷ್ಮೇಶ್ವರದ ಚನ್ನಬಸಪ್ಪನವರು. ಈ ಮೂವರೂ ಒಂದು ರವಿವಾರ ಲಕ್ಷ್ಮೇಶ್ವರದ ಬಸ್ಸಿಗೆ ಬಂದು ಗದಗಿನಲ್ಲಿ ಇಳಿಯುವುದೆಂದು ನಿಶ್ಚಯವಾಯಿತು.

ಅಪ್ಪ ರಾತ್ರಿಯೆಲ್ಲ ಬೆರಳು ಹಿಚುಕಿ ಒಂದು ಉಪಾಯ ತೆಗೆದ. ಬಾಗಿಲಲ್ಲಿ ಬಾಡಿಗೆಯ ಮಾತೇ ಬರಬಾರದು. ಇಮಾಮಸಾಬನಿಗೆ ಹಿಂದಿನ ದಿನವೇ ರೊಕ್ಕ ಕೊಟ್ಟು, ಬಸ್ಸಿನ ಹತ್ತಿರ ಟಾಂಗಾ ನಿಲ್ಲಿಸಿ ಅವರನ್ನು ಹತ್ತಿಸಿಕೊಂಡು ಬಾ ಎಂದು ಹೇಳಿದ. ನಾವು ಯಾರಾದರೂ ಎದುರುಗೊಳ್ಳಲು ಹೋಗೋಣವೇ ಎಂದು ನಾನು ಕೇಳಿದೆ. ಹೋದರೆ ಬಹಳ ಆತುರವಿದ್ದಂತೆ ಕಾಣುತ್ತದೆ, ಮೊದಲೇ ಎರಡು ಮುರಿದದ್ದು ಊರಿಗೆಲ್ಲ ಗೊತ್ತು ಎಂದ. ಇಮಾಮಸಾಬನಿಗೆ ಮತ್ತೆ ಮತ್ತೆ ಬಜಾಯಿಸಿದ: "ಬೀಗರ ಮುಂದ ರೊಕ್ಕದ ಸುದ್ದಿ ತಗೀಬ್ಯಾಡಪಾ. ಅವರಾಗಿ ಕೇಳಿದ್ರೂ, ಕೊಟ್ಟಾಗೇತಿ, ಹತ್ತ್ರಿ ಅಂದಬಿಡು."

ರವಿವಾರ ಬಂತು. ಅವ್ವ ಬೆಳಗಿನಿಂದ ಸಜ್ಜಿಗೆ ಹುರಿಯುತ್ತಿದ್ದಳು. ಅಕ್ಕ ಒಳಕೋಣೆಯಲ್ಲಿ ಸೀರೆ ಉಟ್ಟು ಕುಳಿತಿದ್ದಳು. ಎದುರುಮನೆಯ ಮಗ್ಗ ಸದ್ದು ಮಾಡುತ್ತಿತ್ತು. ಅಪ್ಪ ಅಂಗಳಕ್ಕೂ ಒಳಗೂ ಓಡಾಡಿ ಹೆಗಲ ಮೇಲಿನ ಟವೆಲ್ಲನ್ನು ಹತ್ತಾರು ಸಲ ಮಡಿಸಿದ, ಬಿಚ್ಚಿದ. ಬಸ್ಸು ಬರುವ ಹೊತ್ತು ಆಯಿತು. ಬಂದು ಬಹಳ ಹೊತ್ತೂ ಆಯಿತು. ಕೊನೆಗೆ ಓಣಿಯ ತಿರುವಿನಲ್ಲಿ ಗೆಜ್ಜೆ ಸದ್ದು ಕೇಳಿ ಅಪ್ಪ ಟವೆಲ್ ಸರಿಮಾಡಿಕೊಂಡು ನಗುಮುಖ ಹಚ್ಚಿಕೊಂಡು ನಿಂತ.

ಟಾಂಗಾ ಖಾಲಿ ಬಂತು.

"ಅವರು ಹತ್ತಲಿಲ್ರೀ ಅಪ್ಪಾರ" ಎಂದ ಇಮಾಮಸಾಬ, ಮುಖ ಸಣ್ಣದು ಮಾಡಿಕೊಂಡು.

ಬಸ್ಸಿನಿಂದ ಮೂವರೂ ಇಳಿದದ್ದು ಖರೆಯಂತೆ. ಇವನು ಮುಂದೆ ಹೋಗಿ ಬೆಟಗೇರಿಗೆ ಹೋಗುವವರು ನೀವೇ ಅಲ್ಲವೇ, ಹತ್ತಿರಿ ಎಂದನಂತೆ. ಹಿರಿಯರು ಎಷ್ಟು ಎಂದು ಕೇಳಿದರಂತೆ. ಇವನು ಹೇಳಿಕೊಟ್ಟದ್ದನ್ನೇ ಹೇಳಿದನಂತೆ: ರೊಕ್ಕ ಕೊಟ್ಟಾಗಿದೆ. ಆ ಮಾತು ಕೇಳಿದ್ದೇ ತಡ, ಅವರು ಹಾವು ಕಂಡವರಂತೆ ಹಿಂದೆ ಸರಿದರಂತೆ. ಯಾರು ಕೊಟ್ಟರು, ಅವರ ಹೆಸರೇನು ಎಂದು ಜಬರಿಸಿದರಂತೆ.

"ಹೆಸರು ಹೇಳಬೇಕಿಲ್ಲೋ?" ಅಂದ ಅಪ್ಪ.

"ನಿಮ್ಮ ಹೆಸರು ನನಗೇನ ಗೊತ್ರಿ? ಹತ್ತಿ ಅಂಗಡಿ ಅಪ್ಪಾರು ಅಂದೆ. ಗದಗಿನ್ಯಾಗ ಹತ್ತಿ ಅಂಗಡಿ ಇಲ್ಲದ ಅಪ್ಪ ಎಲ್ಲಿ ಅದಾನೋ, ನಡಿ ನಡಿ ಅಂದ್ರು."

ಇಷ್ಟು ವರ್ಷ ನಮ್ಮನ್ನು ಹೊತ್ತು ತಿರುಗಿದವನಿಗೆ ಅಪ್ಪನ ಹೆಸರು ಗೊತ್ತಿರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕುಳಿತುಬಿಟ್ಟ. ಅವಮಾನವಾಯಿತೆಂದು ತಿಳಿದು ಅವರು ಅದೇ ಬಸ್ಸಿಗೆ ತಿರುಗಿ ಹೋಗಿದ್ದರೆ? ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ನಾನು ಸೈಕಲ್ ಹತ್ತಿ ಬಸ್ ಸ್ಟ್ಯಾಂಡಿನವರೆಗೆ ಹೋದೆ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬ ಮುದುಕನೂ ಚನ್ನಬಸಪ್ಪನಂತೆ ಕಂಡ. ಯಾರನ್ನು ಹುಡುಕಬೇಕೆಂದೇ ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದು ಹುಡುಗನ ಫೋಟೋ ಮಾತ್ರ, ಅದರಲ್ಲಿ ಅವನಿಗಿಂತ ಪಕ್ಕದ ಹೂವಿನ ಕುಂಡವೇ ಸ್ಪಷ್ಟವಾಗಿತ್ತು. ಸುಮ್ಮನೆ ಬೆವರಿ ತಿರುಗಿ ಬಂದೆ.

ತಿರುಗಿ ಬಂದರೆ ನಮ್ಮ ಮನೆಯ ಮುಂದೆ ಇಮಾಮಸಾಬನದರ ಹಿಂದೆ ಇನ್ನೊಂದು ಟಾಂಗಾ ನಿಂತಿತ್ತು. ಎದುರುಮನೆಯ ಮಗ್ಗದ ಸದ್ದು ನಿಂತು, ನೇಕಾರ ಬಾಗಿಲಿಗೆ ಬಂದಿದ್ದ. ದಪ್ಪ ಮೀಸೆಯ ಹಿರಿಯರೊಬ್ಬರು ಕೆಳಗೆ ಇಳಿದು ಟಾಂಗಾದವನ ಜೊತೆ ಜಗಳಕ್ಕೆ ನಿಂತಿದ್ದರು. ಮುಂದಿನ ಸೀಟಿನಲ್ಲಿ ತಲೆಯ ಮೇಲೆ ಸೆರಗು ಹೊದ್ದ ತಾಯಿ. ಹಿಂದಿನ ಸೀಟಿನಲ್ಲಿ ಒಬ್ಬ ತೆಳ್ಳಗಿನ ಯುವಕ, ಬಾಯಿಗೆ ಕರವಸ್ತ್ರ ಹಿಡಿದು ತಲೆ ತಗ್ಗಿಸಿಕೊಂಡಿದ್ದ.

ಆದದ್ದು ಇಷ್ಟು. ಚನ್ನಬಸಪ್ಪನವರು ಬೇರೆ ಟಾಂಗಾ ಠರಾಯಿಸಿ, ತಾವು ಈ ಊರಿಗೆ ಹೊಸಬರಲ್ಲವೆಂದು ತೋರಿಸಲು, ದಾರಿ ನಾನೇ ಹೇಳುತ್ತೇನೆ ಎಂದು ಮುಂದೆ ಕುಳಿತಿದ್ದರು. ಹಾಗೆ ದಾರಿ ಹೇಳುತ್ತ ಹೇಳುತ್ತ ಕೆರೆಯ ಕಡೆ ಒಮ್ಮೆ, ಸ್ಟೇಶನ್ನಿನ ಕಡೆ ಎರಡು ಸಲ ಸುತ್ತಿಸಿದ್ದರು. ಟಾಂಗಾದವನು ಈಗ ಮೂರು ಪಟ್ಟು ಕೇಳುತ್ತಿದ್ದ, ಅವನ ಕುದುರೆ ಅವನ ಪರವಾಗಿ ಸಾಕ್ಷಿ ಹೇಳುವಂತೆ ನೊರೆ ಬಿಡುತ್ತಿತ್ತು.

ಅಪ್ಪನ ಎರಡು ದಾರಿಗಳೂ ಮತ್ತೆ ಅವನ ಮುಂದೆ ಬಂದು ನಿಂತಿದ್ದವು. ಬಾಯಿ ಬಿಟ್ಟರೆ ಬಿಗಿ, ಕೊಟ್ಟರೆ ಸ್ಕೂಟರ್. ಅವನು ಒಂದು ಗಳಿಗೆ ನಿಂತ. ಆಮೇಲೆ ಮಾಡಿದ್ದನ್ನು ಈಗಲೂ ನನಗೆ ಪೂರ್ತಿ ನಂಬಲಾಗುವುದಿಲ್ಲ. ನಗುನಗುತ್ತ ಬೀಗರ ಕೈ ಹಿಡಿದು, ನೀವು ಕಿಸೆಗೆ ಕೈ ಹಾಕಬಾರದು ಎಂದು ಉಪಚಾರ ಹೇಳಿ, ಟಾಂಗಾದವನ ಹತ್ತಿರ ಹೋದ. ಹೆಗಲ ಮೇಲಿನ ಟವೆಲ್ ತೆಗೆದು ಅವನ ಬಲಗೈಯ ಮೇಲೆ ಹೊದಿಸಿದ. ಕೆಳಗೆ ತನ್ನ ಕೈ ಹಾಕಿ, ಎದುರುಮನೆಯ ಮಾಳಿಗೆಯ ಮೇಲೆ ಏನೋ ಹಕ್ಕಿ ಕುಳಿತಿದೆಯೆಂಬಂತೆ ಆ ಕಡೆ ನೋಡುತ್ತ ನಿಂತ.

ಟಾಂಗಾದವನು ಹತ್ತಿಯ ಪೇಟೆ ಕಂಡವನಲ್ಲ. ಒಂದು ಸಲ ಹಿಚುಕಿದಾಗ ಸುಮ್ಮನಿದ್ದ. ಎರಡನೆಯ ಸಲ ಓಣಿಗೆಲ್ಲ ಕೇಳುವಂತೆ, "ಯಾಕ್ರೀ ಯಜಮಾನ್ರ, ನನ್ನ ಬಳ್ಳು ಯಾಕ ಹಿಚಕಾಕ ಹತ್ತೀರಿ?" ಎಂದ.

ನೇಕಾರ ನಕ್ಕುಬಿಟ್ಟ. ಅಪ್ಪ ಟವೆಲ್ ತೆಗೆಯಲೂ ಇಲ್ಲ, ಕೈ ಬಿಡಲೂ ಇಲ್ಲ. ಅವನ ಕಿವಿ ಕೆಂಪಗಾದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಚನ್ನಬಸಪ್ಪನವರು ಹುಬ್ಬು ಮೇಲೆ ಮಾಡಿ ಟವೆಲ್ಲನ್ನೇ ನೋಡುತ್ತಿದ್ದರು. ಮುಗಿಯಿತು, ಸೀರೆ ಪೆಟ್ಟಿಗೆ ಸೇರಿತು ಎಂದುಕೊಂಡೆ.

ಆಗ ಅಕ್ಕ ಹೊರಗೆ ಬಂದಳು. ನೋಡಬೇಕಾದ ಕನ್ಯೆ, ಯಾರೂ ಕರೆಯದೆ, ರೇಷ್ಮೆ ಸೀರೆಯಲ್ಲಿ, ಬಲಗೈಯಲ್ಲಿ ತುಂಬಿದ ಬಕೆಟ್ಟು ಹಿಡಿದು. ಅವ್ವ ಒಳಗಿನಿಂದ ಗಿರಿಜಾ, ಗಿರಿಜಾ ಎಂದು ಪಿಸುಗುಡುತ್ತಿದ್ದಳು. ಅಕ್ಕ ನೇರವಾಗಿ ಕುದುರೆಯ ಮುಂದೆ ಹೋಗಿ ಬಕೆಟ್ ಇಟ್ಟು, ಟಾಂಗಾದವನಿಗೆ ಶಾಲೆಯ ದನಿಯಲ್ಲಿ ಹೇಳಿದಳು:

"ಕಾಕಾ, ನಾ ದಿನಾ ನಿಮ್ಮ ಸ್ಟ್ಯಾಂಡಿನಿಂದನ ಹತ್ತತೀನಿ. ದರ ನನಗ ಗೊತ್ತೈತಿ. ಠರಾಯಿಸಿದ್ದು ತಗೋರಿ. ಸುತ್ತು ಹೊಡದದ್ದು ಇವರ ತಪ್ಪು, ಅದಕ್ಕ ಅರ್ಧಾ ಮ್ಯಾಲ ತಗೋರಿ. ಕುದರಿ ನೀರು ಕುಡೀಲಿ. ಆತಿಲ್ಲೋ?"

ಟಾಂಗಾದವನು ಒಂದು ಸಲ ಅವಳನ್ನು, ಒಂದು ಸಲ ಬಕೆಟ್ಟನ್ನು ನೋಡಿ, ಆತವ್ವಾ ಎಂದ. ಅಪ್ಪ ಟವೆಲ್ಲಿನ ಕೆಳಗಿನಿಂದ ಕೈ ತೆಗೆದು ರೊಕ್ಕ ಕೊಟ್ಟ. ಹಿಂದಿನ ಸೀಟಿನ ಯುವಕ ಕರವಸ್ತ್ರದ ಮೇಲಿನಿಂದ ಅಕ್ಕನನ್ನು ನೋಡಿದ, ಅವಳೂ ಅವನನ್ನು ನೋಡಿದಳು. ಹಾಗೆಂದು ನನ್ನ ನೆನಪು. ನೀರಿನ ಮೇಲೆ ಕುದುರೆಯ ಮೂತಿ ಆಡುವುದನ್ನು ಇಬ್ಬರೂ ನೋಡುತ್ತಿದ್ದಿರಲೂಬಹುದು.

"ಕನ್ಯಾ ನೋಡಿದಂಗಾತು" ಅಂದರು ಚನ್ನಬಸಪ್ಪನವರು.

ಆ ಮಾತು ಮೆಚ್ಚುಗೆಯೋ ಮುಕ್ತಾಯವೋ ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಒಳಗೆ ಬಂದೆವು. ಅಕ್ಕ ಮತ್ತೆ ಒಳಕೋಣೆಗೆ ಹೋಗಿ, ಕರೆದಾಗ ಹೊಸದಾಗಿ ಹೊರಗೆ ಬಂದು, ತಲೆ ತಗ್ಗಿಸಿ ಸಜ್ಜಿಗೆ ಕೊಟ್ಟಳು. ಹುಡುಗ ಸಜ್ಜಿಗೆಯನ್ನು ಮುಟ್ಟಲಿಲ್ಲ. ಒಂದೂ ಮಾತಾಡಲಿಲ್ಲ. ಅವ್ವ ನನ್ನ ಕಡೆ ನೋಡಿದಳು, ನಾನು ಅಪ್ಪನ ಕಡೆ. ಚನ್ನಬಸಪ್ಪನವರೇ ಮಾತಾಡಿದರು, ಅದೂ ಮುಂಬಯಿಯ ಕತೆ. ಅವರ ಷಡ್ಡಕನಿಗೆ ಹಡಗಿನ ಮೇಲೆ ನೌಕರಿ. ಅವನು ವಿಮಾನದಲ್ಲಿ ಮುಂಬಯಿಗೆ ಬಂದಿಳಿದು ಮರುದಿನ ಹಡಗು ಹತ್ತುವವನಿದ್ದ. ಕಳಿಸಲು ಇವರೂ ಹೋಗಿದ್ದರು. ವಿಮಾನ ನಿಲ್ದಾಣದ ಹೊರಗೆ ಒಬ್ಬ ಟ್ಯಾಕ್ಸಿಯವನು ಮುಂದೆ ಬಂದು, ರೊಕ್ಕದ ಮಾತೇ ಬೇಡ, ಎಲ್ಲ ಆಗಿದೆ, ಹತ್ತಿರಿ ಎಂದನಂತೆ. ಹಡಗಿನವರೇ ಕಳಿಸಿರಬೇಕೆಂದು ಹತ್ತಿದರು. ಅವನು ತನಗೆ ಬೇಕಾದ ಹೋಟೆಲಿಗೆ ಒಯ್ದು ಇಳಿಸಿ, ಅಲ್ಲಿ ಕಿಸೆ ಖಾಲಿ ಮಾಡಿಸಿದ. ಬೆಳಿಗ್ಗೆ ಹೋಟೆಲಿನಿಂದ ಹಡಗಿನ ಧಕ್ಕೆಗೆ ಒಯ್ಯಲು ಅದೇ ಟ್ಯಾಕ್ಸಿಯವನು ಬಂದ. ಬಿಸಿಲೇರುವ ತನಕ ಊರು ತಿರುಗಿಸಿ ತಂದು ಬಿಟ್ಟ. ಷಡ್ಡಕ ಹಡಗಿನ ಮೇಲೆ ಹತ್ತಿ ನಿಂತು ಕೈ ಬೀಸುವಾಗ ಕೂಗಿ ಹೇಳಿದನಂತೆ, ರಾತ್ರಿ ಮಲಗಿದ್ದ ಹೋಟೆಲಿನ ಬೋರ್ಡು ಅಲ್ಲಿಂದಲೇ ಕಾಣುತ್ತಿದೆ ಎಂದು.

"ಅವತ್ತಿಂದ ಒಂದ ನೇಮಾ ರೀ" ಎಂದರು. "ರೊಕ್ಕಾ ಕೊಟ್ಟಾಗೇತಿ ಅಂದಾಂವನ ಗಾಡಿ ಹತ್ತೂದಿಲ್ಲ. ಇವತ್ತೂ ಒಬ್ಬಾಂವ ಬಂದಿದ್ದ, ಬಸ್ ಸ್ಟ್ಯಾಂಡಿನ್ಯಾಗ."

ಹೊರಗೆ ಕಟ್ಟೆಯ ಮೇಲೆ ಅವಲಕ್ಕಿ ತಿನ್ನುತ್ತಿದ್ದ ಇಮಾಮಸಾಬ, "ಅಂವಾ ನಾನ ರೀ" ಎಂದ.

ಆಮೇಲೆ ಯಾರು ಏನು ಮಾತಾಡಿದರೆಂದು ನನಗೆ ನೆನಪಿಲ್ಲ. ಅವರು ಹೋಗುವಾಗ ಅಪ್ಪ ಬಾಗಿಲಲ್ಲಿ ಕೈ ಮುಗಿದು ನಿಂತ. ಚನ್ನಬಸಪ್ಪನವರು ಚಪ್ಪಲಿ ಮೆಟ್ಟಿ, "ತಿಳಸ್ತೀವಿ" ಎಂದರು.

ಆ ವಾರ ನಮ್ಮ ಮನೆಯಲ್ಲಿ ಯಾರೂ ಆ ಶಬ್ದವನ್ನು ಉಚ್ಚರಿಸಲಿಲ್ಲ. ಅಂಚೆಯವನ ಸೈಕಲ್ ಸದ್ದಾದರೆ ಅವ್ವ ಕೈಯಲ್ಲಿದ್ದದ್ದನ್ನು ಕ್ಷಣ ಹಾಗೇ ಹಿಡಿದು ನಿಲ್ಲುತ್ತಿದ್ದಳು. ಅಪ್ಪ ಊಟಕ್ಕೆ ಕುಳಿತರೂ ಎಡಗೈಯಿಂದ ಬಲಗೈಯ ಬೆರಳು ಹಿಚುಕುತ್ತಿದ್ದ. ಧಾರವಾಡಕ್ಕೆ ಹೋಗಬೇಕಾದವನು ನಾನೂ ಒಂದೊಂದೇ ನೆವ ಹೇಳಿ ಉಳಿದೆ. ಅಕ್ಕ ಎಂದಿನಂತೆ ಶಾಲೆಗೆ ಹೋಗಿ ಬಂದಳು. ಆದರೆ ಆ ರೇಷ್ಮೆ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕದೆ ಹಗ್ಗದ ಮೇಲೆಯೇ ಬಿಟ್ಟಿದ್ದಳು. ಅದನ್ನು ತೆಗೆಯಲು ನಮಗೆ ಯಾರಿಗೂ ಧೈರ್ಯವಾಗಲಿಲ್ಲ.

ಒಂದು ಮಧ್ಯಾಹ್ನ ಚನ್ನಬಸಪ್ಪನವರು ಒಬ್ಬರೇ ಬಂದರು. ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು, ಅಂಗಿಯೆಲ್ಲ ಬೆವರು. ನೀರು ಕುಡಿದು, ಮೀಸೆ ಒರಸಿಕೊಂಡು, ನಮಗೆ ಸಂಬಂಧ ಒಪ್ಪಿಗೆ, ಆದರೆ ಒಂದು ಕರಾರು ಇದೆ ಎಂದರು. ಅಪ್ಪನ ಮುಖ ಬಿಳಿಚಿತು. ಸ್ಕೂಟರ್ ಎಂದು ಅವನ ತುಟಿ ತಾನೇ ಆಡಿದ್ದನ್ನು ನಾನು ಕಂಡೆ.

"ಲಗ್ನಕ್ಕ ನಿಮ್ಮ ಕಡಿಂದ ಗಾಡಿ ಕಳಸಬ್ಯಾಡ್ರಿ" ಎಂದರು ಅವರು. "ನಾವು ನಮ್ಮ ಗಾಡಿ ಮಾಡಿಕೊಂಡು ಬರ್ತೀವಿ. ರೊಕ್ಕಾ ಮೊದಲ ಕೊಟ್ಟ ಗಾಡಿ ನಮ್ಮ ಮಂದ್ಯಾಗ ಯಾರೂ ಹತ್ತೂದಿಲ್ಲ."

ಅಪ್ಪ ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ನೋಡಿದ. ಅಕ್ಕ ಆಗಲೇ ಶಾಲೆಯಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಏನಂತೀ ಗಿರಿಜಾ ಎಂದು ಅಪ್ಪ ಕೇಳಿದ. ಅಷ್ಟು ದಿನಗಳಲ್ಲಿ ಅವಳನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಅಕ್ಕ ಕೇಳಿದ್ದು ಚನ್ನಬಸಪ್ಪನವರಿಗೆ: "ಅವತ್ತು ನೀವು ಅಷ್ಟು ಜಗಳಾ ಮಾಡೂವಾಗ ಅವರು ಹಿಂದ ಸುಮ್ಮನ ಕುಂತಿದ್ರು. ಮನ್ಯಾಗೂ ಮಾತಾಡಲಿಲ್ಲ. ಯಾಕ್ರಿ?"

ಚನ್ನಬಸಪ್ಪನವರು ಖಾಲಿ ತಂಬಿಗೆಯನ್ನು ನೆಲಕ್ಕಿಟ್ಟರು. ಸ್ವಲ್ಪ ಹೊತ್ತು ತಡೆದು ಹೇಳಿದರು: "ಅಂವಾ ಬಸ್ ಸ್ಟ್ಯಾಂಡಿನ್ಯಾಗನ ಮಾತಾಡಿದ್ದವ್ವಾ. ಇದು ಅವರು ಕಳಿಸಿದ ಗಾಡಿ ಇರಬೇಕು ಮಾಮಾ, ನಂಬಿ ಹತ್ತೋಣು ಅಂದಾ. ನಾನ ಬಾಯಿ ಮುಚ್ಚಿಸಿದೆ. ಆ ಸಿಟ್ಟಿಗೆ ಆಮ್ಯಾಲ ಮಾತಾಡಲಿಲ್ಲ."

ಅಕ್ಕ ಚೌಕಟ್ಟಿನಿಂದ ಕೈ ತೆಗೆದಳು.

"ಹಂಗಾರ ಆತ್ರಿ" ಎಂದು ಒಳಗೆ ಹೋದಳು. ಹಗ್ಗದ ಮೇಲಿನ ಸೀರೆ ತೆಗೆದು ಮಡಿಸುವ ಸದ್ದು ಕೇಳಿಸಿತು.

ಇಲ್ಲಿಗೆ ಮುಗಿಸಿದ್ದರೆ ಕತೆ ಚೆನ್ನಾಗಿರುತ್ತಿತ್ತು. ಆದರೆ ನನಗೆ ತರ್ಕಶಾಸ್ತ್ರದ ಪೀಡೆ ಇದೆ. ಹೋದ ವರ್ಷ ಮುಂಡರಗಿಗೆ ಅಕ್ಕನ ಮನೆಗೆ ಹೋದಾಗ, ಸಂಜೆ ಭಾವನ ಜೊತೆ ತಿರುಗಾಡುತ್ತ, ಅವತ್ತು ನೀವೊಬ್ಬರೇ ಇಮಾಮಸಾಬನನ್ನು ನಂಬಿದ್ದಿರಲ್ಲ, ಹೇಗೆ ಹೊಳೆಯಿತು ಎಂದು ಕೇಳಿದೆ. ಭಾವ ತಬ್ಬಿಬ್ಬಾದರು. ಯಾವ ಇಮಾಮಸಾಬ ಎಂದರು. ನಾನು ಎಲ್ಲವನ್ನೂ ನೆನಪಿಸಿದೆ. ಅವರು ನಕ್ಕು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು:

"ಶಿರಹಟ್ಟಿಯಿಂದ ಆ ಬಸ್ಸಿನ ಡೀಸೆಲ್ ವಾಸನಿಗೆ ನನಗ ವಾಂತಿ ಬರೂ ಹಂಗಾಗಿತ್ತಪಾ. ಗಾಡಿ ಯಾವುದು, ಕುದರಿ ಯಾವುದು ಒಂದೂ ಕಾಣಲಿಲ್ಲ. ಕನ್ಯಾ ನೋಡಾಕ ಹ್ವಾದಲ್ಲಿ ಬಾಯಿ ತಗದಿದ್ರ ಕೆಲಸ ಕೆಡ್ತಿತ್ತು. ಅದಕ್ಕ ತಗೀಲಿಲ್ಲ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷದ ಸಂಸಾರ, ಇಬ್ಬರು ಮಕ್ಕಳು, ಈ ಮನೆ. ಎಲ್ಲವೂ ಯಾರೂ ಆಡದ ಒಂದು ಮಾತಿನ ಮೇಲೆ ನಿಂತಿದೆ. ಚನ್ನಬಸಪ್ಪನವರು ಈಗಿಲ್ಲ, ಅವರನ್ನು ಕೇಳುವಂತಿಲ್ಲ. ಭಾವ ಮರೆತಿರಬಹುದು ಎಂದು ಒಂದು ಕಡೆ, ಹೊಟ್ಟೆ ತೊಳಸಿದ್ದು ನೆನಪಿರುವವರಿಗೆ ನಂಬಿದ್ದು ಹೇಗೆ ಮರೆತೀತು ಎಂದು ಇನ್ನೊಂದು ಕಡೆ. ಅಕ್ಕನಿಗೆ ಹೇಳಬಾರದು ಎಂದು ಬೆಳಗಾಗುವಷ್ಟರಲ್ಲಿ ನಿಶ್ಚಯಿಸಿದೆ. ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿಬಿಟ್ಟೆ.

ಅಕ್ಕ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈ ನಿಲ್ಲಲಿಲ್ಲ.

"ಅದು ನನಗ ಅವತ್ತ ಗೊತ್ತಾತು" ಎಂದಳು. "ಮಾಮಾ ತಂಬಿಗಿ ಕೆಳಗ ಇಟ್ಟು ಅಷ್ಟೊತ್ತು ವಿಚಾರ ಮಾಡಿ ಹೇಳಿದ್ರಲ್ಲ, ಖರೆ ಹೇಳಾಕ ಯಾರಿಗರ ಅಷ್ಟೊತ್ತು ಬೇಕೇನು?"

"ಮತ್ತ ಒಪ್ಪಿದ್ಯಲ್ಲ ಅಕ್ಕಾ?"

ಅಕ್ಕ ಮೊರವನ್ನು ಒಮ್ಮೆ ಕೇರಿ, ಸಿಕ್ಕ ಹರಳನ್ನು ಬಾಗಿಲಾಚೆ ಎಸೆದಳು.

"ಮೊದಲ ಬಂದವರು ಅಪ್ಪನ ಅಳತಿ ಮಾಡಿ ಹ್ವಾದ್ರು. ಆಮ್ಯಾಲ ಬಂದವರು ಮನಿ ಅಳತಿ ಮಾಡಿ ಹ್ವಾದ್ರು. ಯಾವ ಸುಳ್ಳು ಹೇಳಿದ್ರ ನಾ ಬರ್ತೀನಿ ಅಂತ ವಿಚಾರ ಮಾಡಿದವರು ಆ ಮಾಮಾ ಒಬ್ಬರ ನೋಡು. ಚಹಾ ಆರಾಕ ಹತ್ತೇತಿ, ಕುಡಿ."